ಸಿಡಿಎನ್ ಹಾಕುವ ಮುಂಚೆ ಹೆಡರ್ ಸರಿಮಾಡಿ

ಸಿಡಿಎನ್ (ಸೈಟಿನ ಫೈಲುಗಳ ಪ್ರತಿ ಇಟ್ಟುಕೊಂಡು ಓದುಗರ ಹತ್ತಿರದ ಸರ್ವರ್‌ನಿಂದ ಕೊಡುವ ಜಾಲ) ಜೋಡಿಸುವುದೆಂದರೆ ಡಿಎನ್ಎಸ್‌ನಲ್ಲಿ (ಸೈಟಿನ ಹೆಸರಿನಿಂದ ಸರ್ವರ್ ಹುಡುಕಿಕೊಡುವ ವ್ಯವಸ್ಥೆ) ಒಂದು ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ದಾಖಲೆ) ಬದಲಿಸುವುದು, ಅಷ್ಟೇ ಅಂದುಕೊಳ್ಳುವವರೇ ಹೆಚ್ಚು. ಅದು ಐದು ನಿಮಿಷದ ಕೆಲಸ. ಆ ದಾಖಲೆಯ ಟಿಟಿಎಲ್ (ಅದನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದೆಂಬ ಅವಧಿ) 86400, ಅಂದರೆ ಒಂದು ದಿನ ಇದ್ದರೆ ಒಂದು ದಿನ ಮೊದಲೇ 300ಕ್ಕೆ ಇಳಿಸಿಡಿ. ಏನಾದರೂ ಕೆಟ್ಟರೆ ಬೇಗ ಹಿಂದಕ್ಕೆ ಬರಬಹುದು.

ನಿಜವಾದ ಕೆಲಸ ಇರುವುದು ಮೂಲ ಸರ್ವರ್‌ನ ಕ್ಯಾಶ್-ಕಂಟ್ರೋಲ್ (ಫೈಲಿನ ಪ್ರತಿಯನ್ನು ಇಟ್ಟುಕೊಳ್ಳಬಹುದೇ, ಎಷ್ಟು ಕಾಲ ಎಂದು ಉತ್ತರದ ಜೊತೆ ಹೇಳುವ ಸೂಚನೆ) ಹೆಡರ್‌ನಲ್ಲಿ. ಚಿತ್ರ, ಸಿಎಸ್ಎಸ್, ಜಾವಾಸ್ಕ್ರಿಪ್ಟ್ ಫೈಲುಗಳ ಹೆಸರಿನಲ್ಲೇ ಆವೃತ್ತಿಯ ಗುರುತು ಸೇರಿಸಿ, ಮ್ಯಾಕ್ಸ್-ಏಜ್ (ಪ್ರತಿ ಇಟ್ಟುಕೊಳ್ಳುವ ಅವಧಿ) 31536000 ಸೆಕೆಂಡು, ಅಂದರೆ ಒಂದು ವರ್ಷ ಕೊಡಿ. ಫೈಲ್ ಬದಲಾದರೆ ಹೆಸರೂ ಬದಲಾಗುತ್ತದೆ, ಹಳೆಯದನ್ನು ಅಳಿಸುವ ತಲೆನೋವೇ ಇಲ್ಲ. ಎಚ್‌ಟಿಎಂಎಲ್ ಪುಟಕ್ಕೆ ನೋ-ಕ್ಯಾಶ್ (ಪ್ರತಿ ಸಲ ಮೂಲ ಸರ್ವರನ್ನು ಕೇಳಿಯೇ ಬಳಸು) ಸಾಕು. ಲಾಗಿನ್ ಆದವರ ಪುಟಕ್ಕೆ ಮಾತ್ರ ಪ್ರೈವೇಟ್ (ಸಿಡಿಎನ್‌ನಂಥ ಹಂಚಿಕೆಯ ಜಾಗದಲ್ಲಿ ಇಡಬೇಡ), ನೋ-ಸ್ಟೋರ್ (ಎಲ್ಲೂ ಪ್ರತಿ ಇಡಬೇಡ) ಇರಲೇಬೇಕು. ಮರೆತರೆ ಒಬ್ಬರ ಖಾತೆ ಇನ್ನೊಬ್ಬರಿಗೆ ಕಾಣಿಸೀತು.

ಕರ್ಲ್‌ನಿಂದ (ಆಜ್ಞೆ ಕೊಟ್ಟು ವೆಬ್ ವಿಳಾಸ ತರಿಸುವ ಸಾಧನ) ಒಂದೇ ಚಿತ್ರವನ್ನು ಎರಡು ಸಲ ತರಿಸಿ ಹೆಡರ್ ನೋಡಿ. ಮೊದಲು ಮಿಸ್ (ಸಿಡಿಎನ್ ಬಳಿ ಪ್ರತಿ ಇಲ್ಲ), ಆಮೇಲೆ ಹಿಟ್ (ಪ್ರತಿ ಇದೆ) ಬಂದರೆ ಸರಿ. ಪ್ರತಿ ಸಲವೂ ಮಿಸ್ಸೇ? ಚಿತ್ರದ ಜೊತೆ ಸೆಟ್-ಕುಕಿಯೂ (ಬ್ರೌಸರಿಗೆ ಕುಕಿ ಇಡು ಎನ್ನುವ ಹೆಡರ್) ಹೋಗುತ್ತಿರಬಹುದು. ಇಲ್ಲವೇ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಪ್ರತಿ ಸಲ ಬದಲಾಗುತ್ತಿರಬಹುದು.

ಪುಟ ತೆರೆಯದೆ ರೀಡೈರೆಕ್ಟ್‌ನಲ್ಲೇ ಸುತ್ತುತ್ತಿದ್ದರೆ, ಬಹುಶಃ ಸಿಡಿಎನ್ ನಿಮ್ಮ ಸರ್ವರನ್ನು ಎಚ್‌ಟಿಟಿಪಿಯಲ್ಲಿ ಕೇಳುತ್ತಿದೆ, ಸರ್ವರ್ ಅದನ್ನು ಎಚ್‌ಟಿಟಿಪಿಎಸ್‌ಗೆ ಅಟ್ಟುತ್ತಿದೆ. ಕ್ಲೌಡ್‌ಫ್ಲೇರ್ ಎಂಬ ಸಿಡಿಎನ್ ಆದರೆ ಎಸ್ಎಸ್ಎಲ್ ಆಯ್ಕೆಯಲ್ಲಿ ಫ್ಲೆಕ್ಸಿಬಲ್ ಬಿಟ್ಟು ಫುಲ್ ಸ್ಟ್ರಿಕ್ಟ್ ಆರಿಸಿ. ಸರ್ವರ್‌ನಲ್ಲಿ ಚಾಲ್ತಿಯಲ್ಲಿರುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಅದಕ್ಕೆ ಬೇಕು. ಚಿತ್ರಗಳೆಲ್ಲ ಬಂದು ಫಾಂಟ್ ಮಾತ್ರ ಕೈಕೊಟ್ಟರೆ, ಸಿಡಿಎನ್ ಬೇರೆ ಡೊಮೇನ್‌ನಲ್ಲಿದ್ದಾಗ ಕಾರ್ಸ್ ಹೆಡರ್ (ಬೇರೆ ಡೊಮೇನಿನ ಪುಟಕ್ಕೆ ಫೈಲ್ ಬಳಸಲು ಕೊಡುವ ಅನುಮತಿ) ಬೇಕೆಂಬುದು ನೆನಪಿರಲಿ.