ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

2025 ಜೂನ್ 18, ಬುಧವಾರ
ಪೆರ್ಲ, ಕಾಸರಗೋಡು ಜಿಲ್ಲೆ

ಬೆಳಿಗ್ಗೆ ಏಳೂವರೆಗೇ ನನ್ನ ಮೆಷಿನ್ ರಿಪೇರಿ ಅಂಗಡಿಯ ಶಟರ್ ಎತ್ತಿದೆ. ಅಡಿಕೆಗೆ ಮದ್ದು ಬಿಡುವ ಹೊತ್ತು ಬಂದರೆ ನನಗೆ ಪುರುಸೊತ್ತು ಅನ್ನುವುದೇ ಇಲ್ಲ. ಮಳೆ ಒಂದಿಷ್ಟು ಹೊಳವಾದರೆ ಸಾಕು, ಸಾರಡ್ಕದ ಆಚೆಯವರು, ಬದಿಯಡ್ಕದ ಕಡೆಯವರು ಎಲ್ಲ ಒಟ್ಟಿಗೇ ಜೀಪಿನಲ್ಲಿ ಸ್ಪ್ರೇಯರ್ ಹಾಕಿಕೊಂಡು ಬರುತ್ತಾರೆ. ಎಲ್ಲರಿಗೂ ಇವತ್ತೇ ಬೇಕು. ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಕಾಯುತ್ತದಾ, ನೀನೇ ಹೇಳು ಅನ್ನುತ್ತಾರೆ. ಅದೂ ಸರಿಯೇ.

ಒಂಬತ್ತರ ಹೊತ್ತಿಗೆ ಒಂದು ಫೋನ್ ಬಂತು. ಹಿಂದಿ. ತಾನು ಮಿಲಿಟರಿಯವನು, ಮಂಗಳೂರಿನ ಕ್ಯಾಂಪಿನಲ್ಲಿದ್ದೇನೆ, ಹತ್ತು ಬ್ರಷ್ ಕಟರ್ ಸರ್ವಿಸ್ ಆಗಬೇಕು ಅಂದ. ನಾನು ಒಂದಕ್ಕೆ 1,800 ಆಗಬಹುದು ಅಂದೆ. ಸುಮ್ನೆ ಅಂದದ್ದು, ನಮ್ಮಲ್ಲಿ ಅಷ್ಟು ಯಾರೂ ಕೊಡುವುದಿಲ್ಲ. ಅವನು "ಟೀಕ್ ಹೈ" ಅಂದುಬಿಟ್ಟ. ಮಂಗಳೂರಿನಿಂದ ಇಷ್ಟು ದೂರ ಹುಲ್ಲು ಹೆರೆಯುವ ಮೆಷಿನ್ ತಂದು, ಹೇಳಿದ ರೇಟಿಗೆ ಒಂದು ಮಾತಿನಲ್ಲಿ ಒಪ್ಪುವ ಗಿರಾಕಿ! ಅಲ್ಲಿಗೇ ನನ್ನ ಕೈಯ ಸ್ಪ್ಯಾನರ್ ನಿಂತಿತು.

ಎರಡು ನಿಮಿಷದಲ್ಲಿ ವಾಟ್ಸಾಪಿಗೆ ಐಡಿ ಕಾರ್ಡ್ ಬಂತು. ಯೂನಿಫಾರ್ಮ್ ಹಾಕಿದ ಫೋಟೋ ಬಂತು. ನಾನು ಕೇಳಿಯೇ ಇರಲಿಲ್ಲ. ಹಿಂದೆಯೇ ಒಂದು ಕ್ಯೂಆರ್. "ಅಡ್ವಾನ್ಸ್ ಹಾಕುತ್ತೇನೆ, ಮಿಲಿಟರಿ ಅಕೌಂಟಿನ ಸಿಸ್ಟಮ್ ಬೇರೆ. ನೀವು ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, 18,000 ನಿಮ್ಮ ಖಾತೆಗೆ ಬೀಳುತ್ತದೆ."

ದುಡ್ಡು ಬರಲಿಕ್ಕೆ ಪಿನ್ ಬೇಡ. ಸ್ಕ್ಯಾನೂ ಬೇಡ. ಪಿನ್ ಒತ್ತಿದೆವು ಎಂದರೆ ನಮ್ಮ ಖಾತೆಯಿಂದ ಹೋಗುವುದೇ, ಮಿಲಿಟರಿಯಾದರೂ ಅಷ್ಟೇ, ಮಂತ್ರಿಯಾದರೂ ಅಷ್ಟೇ. ಅದು ಗೊತ್ತಿದ್ದೂ ನನಗೊಂದು ತಮಾಷೆ ತೋರಿತು. "ಸಾಬ್, ಮೆಷಿನ್ ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?" ಅಂತ ಎಂಜಿನ್ನಿನ ಬಗೆ ಕೇಳಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಜೋ ಭೀ ಹೈ, ನೀವು ಮೊದಲು ಸ್ಕ್ಯಾನ್ ಮಾಡಿ, ಅರ್ಜೆಂಟ್."

ಜೋ ಭೀ ಹೈ ಅಂತೆ! ಈ ಊರಲ್ಲಿ ಒಂದು ಮೆಷಿನ್ ತಂದವನು ಅದರ ಜಾತಕ ಹೇಳದೆ ಬೆಂಚಿನ ಮೇಲೆ ಇಡುವುದೇ ಇಲ್ಲ. ಯಾವಾಗ ತಂದದ್ದು, ಭಾವನಿಗೆ ಕೊಟ್ಟು ಅವನು ಹಾಳು ಮಾಡಿದ್ದು, ಹಗ್ಗ ಎಳೆದು ಎಳೆದು ಹೆಗಲು ನೋವು ಬಂದದ್ದು, ಎಲ್ಲ ಹೇಳಬೇಕು. ಕೆಲವೊಮ್ಮೆ ತಲೆ ಚಿಟ್ಟು ಹಿಡಿಯುತ್ತದೆ. ಈಗ ಅನ್ನಿಸುವುದು, ಆ ಕತೆಯೇ ನನಗೆ ಸರ್ಟಿಫಿಕೇಟ್ ಅಂತ. ಮೋಸ ಮಾಡುವವನಿಗೆ ದುಡ್ಡಿನ ಕತೆ ಮಾತ್ರ ಗೊತ್ತು, ಮೆಷಿನಿಗೆ ಏನಾಗಿದೆ ಅಂತ ಅವನು ಯೋಚಿಸಿಯೇ ಇರುವುದಿಲ್ಲ. ನಂಬರ್ ಬ್ಲಾಕ್ ಮಾಡಿದೆ.

ದೊಡ್ಡ ಬುದ್ಧಿವಂತ ಅಂತ ಬೀಗುವಂತೇನೂ ಇಲ್ಲ. ಹೋದ ದೀಪಾವಳಿಗೆ ಇದೇ ಬೆಂಚಿನಲ್ಲಿ ಕೂತು 7,200 ಕಳೆದುಕೊಂಡವನು ನಾನೇ. 800ರ ಬದಲು ತಪ್ಪಿ 8,000 ಹಾಕಿದೆ, ಉಳಿದದ್ದು ವಾಪಸ್ ಕೊಡಿ, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಅಂತ ಒಬ್ಬ ಅತ್ತ. ಮೆಸೇಜೂ ಬಂದಿತ್ತು, 8,000 ಜಮಾ ಅಂತ. ಕೈ ತುಂಬ ಗ್ರೀಸ್. ಬ್ಯಾಲೆನ್ಸ್ ನೋಡದೆ ಕಿರುಬೆರಳಿನಲ್ಲೇ ಕಳಿಸಿದೆ. ರಾತ್ರಿ ನೋಡಿದರೆ ಆ ಮೆಸೇಜ್ ಬ್ಯಾಂಕಿನ ಹೆಸರಿನಿಂದ ಬಂದದ್ದಲ್ಲ, ಹತ್ತಂಕಿಯ ಯಾವುದೋ ಮೊಬೈಲ್ ನಂಬರಿನದ್ದು. ನಾಚಿಕೆಯಿಂದ ಮನೆಯಲ್ಲಿ ಹೇಳಲಿಲ್ಲ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮೂರನೇ ದಿನ. ಕೂಡಲೇ ಮಾಡಿದ್ದರೆ ದುಡ್ಡು ಆ ಖಾತೆಯಲ್ಲಿ ಇರುವಾಗಲೇ ತಡೆಯಲು ನೋಡಬಹುದಿತ್ತು. ಮೂರು ದಿನ ಅದು ಅಲ್ಲೇ ಕೂತಿರುತ್ತದಾ?

ಹತ್ತೂವರೆಗೆ ಬಂದವರದು ಬೇರೆಯೇ ಬಗೆ. ಇವರು ಊರಿನವರೇ, ಹೆಸರು ಬೇಡ. ಹೋದ ವಾರ ಕಾರ್ಬುರೇಟರ್ ಕ್ಲೀನ್ ಮಾಡಿ ಕೊಟ್ಟ ಬ್ರಷ್ ಕಟರ್ ತಂದು ದಡಕ್ಕನೆ ಇಟ್ಟು, "ನೀನು ಮುಟ್ಟಿದ ಮೇಲೆ ಜಾಮ್ ಆಗಿದೆ, ಫ್ರೀಯಾಗಿ ಮಾಡಿಕೊಡು" ಅಂದರು. ಟೂ ಸ್ಟ್ರೋಕ್ ಮೆಷಿನ್. ಲೀಟರ್ ಪೆಟ್ರೋಲಿಗೆ 20 ಎಂಎಲ್ಲೋ 40 ಎಂಎಲ್ಲೋ, ಕಂಪನಿ ಹೇಳಿದಷ್ಟು ಆಯಿಲ್ ಬೆರೆಸಲೇಬೇಕು. ಇಲ್ಲದಿದ್ದರೆ ಪಿಸ್ಟನ್ ಹಿಡಿಯುತ್ತದೆ. ನಾನು ವಾದಕ್ಕೆ ಹೋಗಲಿಲ್ಲ. ಅವರದೇ ಟ್ಯಾಂಕಿನಿಂದ ಎರಡು ಹನಿ ತೆಗೆದು ಬಿಳಿ ಕಾಗದದ ಮೇಲೆ ಬಿಟ್ಟೆ. ಪಕ್ಕದಲ್ಲಿ ಆಯಿಲ್ ಬೆರೆಸಿದ ನನ್ನ ಕ್ಯಾನಿನ ಎರಡು ಹನಿ. ಫ್ಯಾನ್ ಹಾಕಿದೆ. ಇಬ್ಬರೂ ಬಗ್ಗಿ ನೋಡುತ್ತಾ ನಿಂತೆವು. ನನ್ನದು ಆರಿದ ಮೇಲೆ ದೋಸೆ ಕಾವಲಿಗೆ ಎಣ್ಣೆ ಒರೆಸಿದ ಕಾಗದದ ಹಾಗೆ ಕಲೆ ಉಳಿಯಿತು. ಅವರದು ಆರಿದ ಮೇಲೆ ಕಾಗದ ಮೊದಲಿನಂತೆಯೇ ಬಿಳಿ. ಸೈಲೆನ್ಸರ್ ಬಿಚ್ಚಿ ಪಿಸ್ಟನ್ನಿನ ಮೇಲೆ ಉದ್ದುದ್ದ ಬಿದ್ದ ಗೀರನ್ನೂ ತೋರಿಸಿದೆ.

"ಕೆಲಸದವನು ಹಾಕಿದ್ದು, ನನಗೆ ಗೊತ್ತಿಲ್ಲ ಮಾರಾಯ" ಅಂದರು. ನಿಜವೂ ಇರಬಹುದು. ಇದನ್ನು ಮೋಸ ಅನ್ನಲಾ ಬೇಡವಾ ಅಂತ ನನಗಿನ್ನೂ ಗೊತ್ತಾಗಿಲ್ಲ. ಸಿಲಿಂಡರ್ ಕಿಟ್ಟಿನ ರೇಟ್ ಹೇಳಿದೆ. ಯೋಚಿಸಿ ಹೇಳುತ್ತೇನೆ ಅಂತ ಮೆಷಿನ್ ಅಲ್ಲೇ ಬಿಟ್ಟು ಹೋದರು.

ಈಗ ಬರೆಯಬೇಕಾದ್ದು ಮಧ್ಯಾಹ್ನದ್ದು. ಜೋರು ಮಳೆ ಹಿಡಿದಿತ್ತು. ಭಟ್ರ ಸ್ಪ್ರೇಯರ್ ರೆಡಿಯಾಗಿತ್ತು, ಬಿಲ್ 1,350. ಕೊಂಡುಹೋಗಲು ಒಬ್ಬ ಹುಡುಗ ಬಂದ, ಇಪ್ಪತ್ತು ವರ್ಷ ಇರಬಹುದು. ನೋಡಿದ ಮುಖವಲ್ಲ. ಚೀಟಿ ತಂದಿರಲಿಲ್ಲ. ಫೋನಿನಲ್ಲಿ ದುಡ್ಡು ಹಾಕಿ ಹಸಿರು ಟಿಕ್ ತೋರಿಸಿದ. ದುಡ್ಡು ಬಂದರೆ ಕೂಗಿ ಹೇಳುವ ನನ್ನ ಮಾತಾಡುವ ಪೆಟ್ಟಿಗೆ ಮಾತಾಡಲಿಲ್ಲ. ನನ್ನ ಫೋನಿಗೂ ಮೆಸೇಜ್ ಇಲ್ಲ. ಸುಳ್ಳು ಟಿಕ್ ತೋರಿಸುವ ಆ್ಯಪ್‌ಗಳು ಇವೆ, ಹೆಸರು, ಮೊತ್ತ, ಟೈಮ್ ಎಲ್ಲ ಸರಿಯಾಗಿಯೇ ಬರುತ್ತದೆ. ಬೆಳಗ್ಗಿನ ಮಿಲಿಟರಿ ತಲೆಯಲ್ಲಿ ಕೂತಿತ್ತು. ಭಟ್ರಿಗೆ ಫೋನ್ ಮಾಡಿದೆ, ಅದೂ ಹೋಗಲಿಲ್ಲ.

"ಸ್ವಲ್ಪ ಕೂತುಕೊ, ದುಡ್ಡು ಬಂದಿಲ್ಲ" ಅಂದೆ.

ಕೂತ. ಕೂತವನು ಮಾತಾಡುತ್ತಲೇ ಇದ್ದ. "ಅಜ್ಜ ಆದರೆ ಮದ್ದು ಬಿಟ್ಟಾದ ಮೇಲೆ ಒಂದು ಕೊಡ ಒಳ್ಳೆ ನೀರು ಹಾಯಿಸಿಯೇ ಒಳಗಿಡುವುದು ಅಣ್ಣ. ಹೋದ ವರ್ಷ ಅಜ್ಜನಿಗೆ ಜ್ವರ, ಕೆಲಸದವರು ಹಾಗೇ ಇಟ್ಟರು. ಸುಣ್ಣ ವಾಲ್ವಿನಲ್ಲಿ ಕಲ್ಲಾಗಿತ್ತಾ?" ಕಲ್ಲಾಗಿಯೇ ಇತ್ತು. ನಾನೇ ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆದದ್ದು, ಮೈಲುತುತ್ತು ಬೆರೆಸಿದ ಮದ್ದಿನ ನೀಲಿ ಬಣ್ಣದ ಸುಣ್ಣ. ಸೀಲ್ ಹೊಸತು ಹಾಕಿದಿರಾ, ಹಳೆಯದು ಕೊಡಿ, ಅಜ್ಜ ಕೇಳುತ್ತಾರೆ ಅಂದ. ಆದರೂ ನನ್ನ ಕಣ್ಣೆಲ್ಲ ಆ ಪೆಟ್ಟಿಗೆಯ ಮೇಲೆ.

ನಲವತ್ತು ನಿಮಿಷ ಕೂರಿಸಿದೆ. ಮಳೆ ಬಿಟ್ಟು, ನೆಟ್‌ವರ್ಕ್ ಬಂದು, ಪೆಟ್ಟಿಗೆ ಒಮ್ಮೆಲೇ ಮಲಯಾಳದಲ್ಲಿ 1,350 ಬಂತು ಅಂತ ಕೂಗಿತು. ಹುಡುಗ ನಕ್ಕ. "ಬರ್ತೇನೆ ಅಣ್ಣ, ಹೊಳವಾಯಿತು, ಮದ್ದು ಕಲಸಿ ಇಟ್ಟಿದ್ದಾರೆ" ಅಂತ ಎದ್ದ. ಒಂದು ಕಡೆ ಅವನೂ ಒಂದು ಕಡೆ ನಾನೂ ಹಿಡಿದು ಸ್ಪ್ರೇಯರನ್ನು ಜೀಪಿಗೆ ಏರಿಸಿದೆವು.

ಸಂಜೆ ಭಟ್ರ ಫೋನ್. ಪ್ರೆಶರ್ ಒಳ್ಳೆದುಂಟು, ಮರದ ತುದಿಗೆ ಹೋಗ್ತದೆ ಅಂದರು. ಆಮೇಲೆ ಮೊಮ್ಮಗನ ಮಾತು ತೆಗೆದರು, "ಅದು ಸರಿ, ಪುಳ್ಳಿಯನ್ನು ಅಷ್ಟು ಹೊತ್ತು ಎಂತಕ್ಕೆ ಕೂರಿಸಿದ್ದು ಮಾರಾಯ?"

"ಮೆಷಿನ್ ಓಡಿಸಿ ನೋಡ್ತಾ ಇದ್ದೆ ಭಟ್ರೇ" ಅಂದೆ.