ಅಭಿಮನ್ಯುವಿನ ಭುಜಕ್ಕೆ ಪಿಸ್ತಾ ಸಿಪ್ಪೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮೇಲಿದ್ದದ್ದು ಇಷ್ಟು: ಅರ್ಧ ಮೀಟರ್ ಕೋರಾ ಬಟ್ಟೆ, ಕಾಲು ಕಿಲೋ ರೆಕ್ರಾನ್ ಎಂಬ ಕೃತಕ ಹತ್ತಿ, ಹಳೆಯ ಚೌಕಳಿ ಸೀರೆಯ ತುಂಡು, ಎರಡು ಮೀಟರ್ ಜರಿ ಪಟ್ಟಿ, ಮೊಬೈಲಿನಲ್ಲಿ ಒಂದು ಫೋಟೋ. ಫೋಟೋದಲ್ಲಿದ್ದದ್ದು ಬೇರೊಬ್ಬರು ಬಟ್ಟೆಯಲ್ಲಿ ಹೊಲಿದ ಗೊಂಬೆ, ಯಕ್ಷಗಾನದ ಬಡಗುತಿಟ್ಟು ಶೈಲಿಯ ವೇಷ ತೊಟ್ಟ ಅಭಿಮನ್ಯು. ತಲೆಗೆ ಕಟ್ಟುವ ಕೇದಗೆ ಮುಂದಲೆ, ದಗಲೆ ಎನ್ನುವ ಕೆಂಪು ಅಂಗಿ, ಕಚ್ಚೆ ಹಾಕಿ ಉಡುವ ಕಸೆ ಸೀರೆ ಎಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ತಲೆ ತುಸು ಎಡಕ್ಕೆ ವಾಲಿತ್ತು, ಒಂದು ಹುಬ್ಬು ಮೇಲೇರಿತ್ತು. ಭುಜದ ಆಭರಣವಾದ ಭುಜಕೀರ್ತಿಗೆ ಪಿಸ್ತಾ ಸಿಪ್ಪೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಅಂಟಿಸಿ ಚಿನ್ನದ ಬಣ್ಣ ಬಳಿದಿದ್ದರು. ನವರಾತ್ರಿಗೆ ಮನೆಯ ಗೊಂಬೆಗಳ ಸಾಲಿನಲ್ಲಿ ಅಂಥದ್ದೊಂದು ಕೂರಬೇಕು ಅನ್ನುವುದು ಆಸೆ. ಸಂಜೆಯೊಳಗೆ ಮುಗಿಯಬೇಕು ಅನ್ನುವುದು ದುರಾಸೆ.

ಶುರುವಾದದ್ದು ಎಲ್ಲರೂ ಮಾಡುವ ಕೆಲಸದಿಂದಲೇ. ಫೋಟೋವನ್ನು ಹದಿನಾರು ಇಂಚಿಗೆ ಹಿಗ್ಗಿಸಿ, ಎರಡು ಹಾಳೆಯಲ್ಲಿ ಮುದ್ರಿಸಿ ಅಂಟಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬಟರ್ ಪೇಪರಿನ ಮೇಲೆ ಹೊರಗೆರೆ ತೆಗೆದದ್ದಾಯಿತು. ಅದೇ ಬಟ್ಟೆ ಕತ್ತರಿಸುವ ಅಳತೆ. ಪರೀಕ್ಷೆಗೆಂದು ಒಂದು ತೋಳು ಹೊಲಿದು ಹತ್ತಿ ತುಂಬಿದರೆ ಬಂದದ್ದು ಹುರಿಹಗ್ಗದಂಥ ತೋಳು. ಚಕ್ರವ್ಯೂಹಕ್ಕೆ ನುಗ್ಗುವವನ ತೋಳಲ್ಲ ಅದು, ಜ್ವರದಿಂದ ಎದ್ದವನದು.

ಕಾರಣ ಸರಳ ಲೆಕ್ಕ. ಒಂದು ಇಂಚು ಅಗಲದ ಎರಡು ಪದರ ಬಟ್ಟೆ ಹೊಲಿದರೆ ಸುತ್ತಳತೆ ಎರಡು ಇಂಚು. ಹತ್ತಿ ತುಂಬಿ ಅದು ದುಂಡಗಾದ ಮೇಲೆ ಎರಡನ್ನು 3.14ರಿಂದ ಭಾಗಿಸಬೇಕು, ಅಡ್ಡಳತೆ 0.64 ಇಂಚಿಗೆ ಇಳಿಯುತ್ತದೆ. ಒಂದು ಇಂಚು ದಪ್ಪದ ತೋಳು ಬೇಕಾದರೆ ಹೊಲಿಗೆಯ ಗೆರೆಗಳ ನಡುವೆ 1.57 ಇಂಚು ಇರಬೇಕು, ಎಂದರೆ ಒಂದೂವರೆ ಇಂಚಿನ ಮೇಲೆ ಅರ್ಧ ನೂಲು (ಇಂಚಿನ ಎಂಟನೇ ಒಂದು ಭಾಗಕ್ಕೆ ಒಂದು ನೂಲು). ತಲೆಯ ಲೆಕ್ಕ ಬೇರೆ. ವೃತ್ತಾಕಾರದ ಎರಡು ತುಂಡು ಸೇರಿಸಿ ತುಂಬಿದರೆ ಅಗಲ ಸುಮಾರು ಮುಕ್ಕಾಲಿಗೆ ನಿಲ್ಲುತ್ತದೆ. ಹೀಗೆ ತೋಳು ಒಂದು ಪ್ರಮಾಣದಲ್ಲಿ, ತಲೆ ಇನ್ನೊಂದು ಪ್ರಮಾಣದಲ್ಲಿ ಕುಗ್ಗುವುದರಿಂದ ಫೋಟೋದ ಗೆರೆ ಎಳೆದು ಹೊಲಿದ ಗೊಂಬೆ ಫೋಟೋದ ಗೊಂಬೆಯ ಹಾಗೆ ಬರುವುದೇ ಇಲ್ಲ. ಇದರ ಮೇಲೆ ಮೊಬೈಲಿನ ಕಣ್ಣಿನ ತಪ್ಪು ಬೇರೆ. ಗೊಂಬೆಯನ್ನು ಮೇಲಿನಿಂದ, ಹತ್ತಿರದಿಂದ ಕ್ಲಿಕ್ಕಿಸಿದರೆ ತಲೆ ದೊಡ್ಡದಾಗಿ, ಕಾಲು ಚಿಕ್ಕದಾಗಿ ಕಾಣುತ್ತದೆ. ನಕಲು ಮಾಡುವವರು ಆ ತಪ್ಪನ್ನೂ ನಿಷ್ಠೆಯಿಂದ ಹೊಲಿಯುತ್ತಾರೆ.

ಲೆಕ್ಕ ಗೊತ್ತಾಯಿತಲ್ಲ, ಅಗಲ ಹೆಚ್ಚಿಸಿ ಮುಂದುವರಿಸಿದರಾಯಿತು ಅನ್ನಬಹುದು. ಕೈ ಪೆನ್ಸಿಲಿಗೆ ಹೋಗಿಯೂ ಇತ್ತು. ತಡೆದದ್ದು ಇನ್ನೊಂದು ಯೋಚನೆ: ಈಗ ಸರಿಪಡಿಸುತ್ತಿರುವುದು ಏನನ್ನು? ತಲೆ ಮೈಯ ನಾಲ್ಕನೇ ಒಂದು ಭಾಗ ಇರಲಿ, ಕತ್ತು ಎಡಕ್ಕೆ ವಾಲಲಿ, ಹುಬ್ಬು ಇಷ್ಟು ಏರಲಿ ಎಂದು ಆ ಗೊಂಬೆ ಮಾಡಿದವರು ಎಷ್ಟು ಸಲ ಹೊಲಿದು ಎಷ್ಟು ಸಲ ಬಿಚ್ಚಿ ತೀರ್ಮಾನಿಸಿದರೋ, ಆ ತೀರ್ಮಾನಗಳನ್ನೇ ಹಿಂಬಾಗಿಲಿನಿಂದ ಹೊರತೆಗೆಯುವ ಕೆಲಸ ಇದು. ನೋಡಿ ಹುರುಪುಗೊಳ್ಳುವುದು ಬೇರೆ, ಸ್ಕೇಲು ಇಟ್ಟು ಅಳೆಯುವುದು ಬೇರೆ. ಗೊಂಬೆಯ ಹವ್ಯಾಸದಲ್ಲಿ ಗಡಿ ಎಲ್ಲಿದೆ ಎಂದು ಕೇಳಿದರೆ, ಫೋಟೋದ ಮೇಲೆ ಸ್ಕೇಲು ಕೂತ ಜಾಗದಲ್ಲಿದೆ ಅನ್ನಬೇಕಾಗುತ್ತದೆ.

ಹಾಗಾದರೆ ಆ ಫೋಟೋದಿಂದ ತೆಗೆದುಕೊಳ್ಳಬಹುದಾದದ್ದು ಯಾವುದು? ವೇಷ ಅವರದ್ದಲ್ಲ. ಕೇದಗೆ ಮುಂದಲೆ, ಎದೆಕಟ್ಟು, ಭುಜಕೀರ್ತಿ, ಸೊಂಟದ ಡಾಬು, ಕಸೆ, ಇವು ರಂಗಸ್ಥಳದ ಸೊತ್ತು. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತ ಮನೆತನದವರ ಸೂತ್ರದ ಗೊಂಬೆಗಳು ಬಡಗುತಿಟ್ಟಿನ ವೇಷ ತೊಟ್ಟೇ ಕುಣಿಯುತ್ತ ಬಂದಿವೆ. ಅಲ್ಲಿ ಮರದ ಗೊಂಬೆ ಯಕ್ಷಗಾನದ ಮೇಳವನ್ನು ಅನುಸರಿಸಿತೇ ಹೊರತು ಇನ್ನೊಂದು ಗೊಂಬೆಯನ್ನಲ್ಲ. ಬಟ್ಟೆಯಲ್ಲಿ ಅಭಿಮನ್ಯು ಮಾಡುವ ಯೋಚನೆಯೂ ಯಾರೊಬ್ಬರದ್ದಲ್ಲ. ಪಟ್ಟದ ಗೊಂಬೆಗೆ ವರ್ಷವರ್ಷವೂ ಹೊಸ ಸೀರೆ ಉಡಿಸುವವರು ಪಕ್ಕದ ಮನೆಯ ನೆರಿಗೆ ನೋಡಿ ಕಲಿತರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆ ಗೊಂಬೆ ಮಾಡಿದವರದ್ದು ಎಂದು ಉಳಿಯುವುದು ಮುಖದ ಭಾವ, ಮೈಯ ಪ್ರಮಾಣ, ಕತ್ತಿನ ಓರೆ ಮತ್ತು ಈ ಎಲ್ಲ ಕೂಡಿದ ರೀತಿ. ಪಿಸ್ತಾ ಸಿಪ್ಪೆ ನಡುವೆ ಸಿಕ್ಕಿಕೊಂಡ ವಿಷಯ, ಅದಕ್ಕೆ ಆಮೇಲೆ ಬರುತ್ತೇವೆ.

ಕಾನೂನು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆರ್.ಜಿ. ಆನಂದ್ ಮತ್ತು ಡೀಲಕ್ಸ್ ಫಿಲ್ಮ್ಸ್ ನಡುವಿನ ವ್ಯಾಜ್ಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು, ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಮೂಡಿಸಿದ ಬಗೆಗೆ ಮಾತ್ರ ಇದೆ ಎಂದಿತು. ಅಲ್ಲಿದ್ದದ್ದು ನಾಟಕ ಮತ್ತು ಸಿನಿಮಾ, ಆದರೆ ತತ್ವ ಗೊಂಬೆಗೂ ಹೊಂದುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಕಲಾತ್ಮಕ ಕುಶಲಕೃತಿಯನ್ನೂ ಕಲಾಕೃತಿ ಎಂದೇ ಎಣಿಸುತ್ತದೆ. ಚಿತ್ರವೊಂದನ್ನು ಮೂರು ಆಯಾಮದ ವಸ್ತುವಾಗಿ ಮಾಡುವುದನ್ನೂ ಪ್ರತಿ ತೆಗೆದಂತೆಯೇ ನೋಡುತ್ತದೆ. ಚಿತ್ರಕಾರರೊಬ್ಬರು ಬರೆದ ಪಾತ್ರವನ್ನು ಗೊಂಬೆ ಮಾಡಿ ಮಾರುವವರು ಈ ಸಾಲನ್ನು ಸಾಮಾನ್ಯವಾಗಿ ಓದಿರುವುದಿಲ್ಲ. ಇನ್ನೊಂದು ತಿರುವು ಇದೆ: ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಅದರ ಹಕ್ಕುಸ್ವಾಮ್ಯವೇ ಬಿದ್ದುಹೋಗುತ್ತದೆ. ನೋಂದಾಯಿಸಿದರೆ 10 ವರ್ಷ, ಬೇಕಾದರೆ ಇನ್ನೂ 5 ವರ್ಷ ರಕ್ಷಣೆ. ‘ಮೂವತ್ತು ಪರ್ಸೆಂಟ್ ಬದಲಿಸಿದರೆ ಸಾಕು’, ‘ಮೂರು ಕಡೆ ಬೇರೆ ಮಾಡಿದರೆ ಆಯಿತು’ ಎಂದು ಹವ್ಯಾಸಿಗಳ ಬಾಯಲ್ಲಿ ಓಡಾಡುವ ಮಾತು ಮಾತ್ರ ಯಾವ ಕಾಯ್ದೆಯಲ್ಲೂ ಇಲ್ಲ. ದಗಲೆಯನ್ನು ಕೆಂಪಿನಿಂದ ಹಸಿರಿಗೆ ತಿರುಗಿಸಿದರೆ ಅದು ಹಸಿರು ದಗಲೆಯ ನಕಲು, ಅಷ್ಟೇ.

ಹತ್ತಿ ತುಂಬುವವರಿಗೆ ಗೊತ್ತಿರಬೇಕಾದ ಕಥೆಯೊಂದು ಅಮೆರಿಕದ್ದು. ಕೆಂಟಕಿಯ ಮಾರ್ಥಾ ನೆಲ್ಸನ್ ಥಾಮಸ್ 1970ರ ದಶಕದಲ್ಲಿ ಮೃದು ಬಟ್ಟೆಗೆ ಹತ್ತಿ ತುಂಬಿ, ಸೂಜಿಯಿಂದ ಎಳೆದು ಕೆನ್ನೆ, ಮೂಗು, ಹೊಕ್ಕುಳು ಮೂಡಿಸಿ ಮಗುವಿನಂಥ ಗೊಂಬೆ ಮಾಡುತ್ತಿದ್ದರು. ಮಾರ್ಥಾ ಅವರ ಗೊಂಬೆಗಳನ್ನು ಕೊಂಡು ಮಾರುತ್ತಿದ್ದ ಜೇವಿಯರ್ ರಾಬರ್ಟ್ಸ್ ಮುಂದೆ ಅದೇ ಬಗೆಯದನ್ನು ತಾವೇ ಮಾಡತೊಡಗಿದರು. ಅವೇ 1983ರಲ್ಲಿ ಅಂಗಡಿಗಳಲ್ಲಿ ನೂಕುನುಗ್ಗಲು ಎಬ್ಬಿಸಿದ ಕ್ಯಾಬೇಜ್ ಪ್ಯಾಚ್ ಕಿಡ್ಸ್. ಮಾರ್ಥಾ ಹೂಡಿದ ಮೊಕದ್ದಮೆ 1985ರಲ್ಲಿ ರಾಜಿಯಲ್ಲಿ ಮುಗಿಯಿತು. ಸೂಜಿಯಿಂದ ಎಳೆದು ಮುಖ ಮಾಡುವ ವಿದ್ಯೆ ಯಾರೊಬ್ಬರದ್ದೂ ಆಗಿರಲಿಲ್ಲ. ಜಗಳ ಎದ್ದದ್ದು ಆ ವಿದ್ಯೆಯಿಂದ ಹುಟ್ಟಿದ ಆ ಒಂದು ಮುಖದ ಮೇಲೆ.

ಬಟರ್ ಪೇಪರನ್ನು ಮಡಚಿ ಬದಿಗಿಟ್ಟು ಹೊಸದಾಗಿ ಬರೆದದ್ದು ಹೀಗೆ. ಎತ್ತರ 16 ಇಂಚು, ತಲೆ ಐದರಲ್ಲಿ ಒಂದು ಭಾಗ, ಎಂದರೆ 3.2 ಇಂಚು. ನಾಲ್ಕರಲ್ಲಿ ಒಂದು ಭಾಗ ಇಟ್ಟರೆ ಮುದ್ದುಮುದ್ದಾಗಿ ಕಾಣುತ್ತದೆ, ಆದರೆ ಹದಿನಾರರ ಹುಡುಗನಿಗೆ ಆ ಮುದ್ದು ಹೊಂದುವುದಿಲ್ಲ. ಕೋರಾ ಬಟ್ಟೆಯನ್ನು ಹಿಂದಿನ ರಾತ್ರಿಯೇ ಒಗೆದು, ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಚಹಾಪುಡಿ, ಒಂದು ಚಮಚ ಉಪ್ಪು ಹಾಕಿ ಕುದಿಸಿ ಸೋಸಿದ ಡಿಕಾಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ಅದ್ದಿ ತೆಗೆದಿತ್ತು. ಒದ್ದೆಯಲ್ಲಿ ಕಂಡದ್ದಕ್ಕಿಂತ ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ಬೇಕಾದುದಕ್ಕಿಂತ ಒಂದು ಛಾಯೆ ಗಾಢವಾದಾಗ ಎತ್ತಬೇಕು. ಒಗೆಯದೆ ಹೊಲಿದರೆ ಮುಂದೆ ಯಾವಾಗಲೋ ನೀರು ಬಿದ್ದ ದಿನ ಹೊಲಿಗೆ ಸುಕ್ಕುಗಟ್ಟುತ್ತದೆ.

ಕೈಕಾಲಿನ ಉದ್ದಕ್ಕೆ ಬಟ್ಟೆಯ ಹಾಸು, ಎಂದರೆ ಉದ್ದೆಳೆ, ಬರಬೇಕು, ಅಡ್ಡಕ್ಕೆ ಹೊಕ್ಕು, ಎಂದರೆ ಅಡ್ಡೆಳೆ. ತಿರುಗಾಮುರುಗಾ ಆದರೆ ತುಂಬುವಾಗ ಕಾಲು ಉದ್ದಕ್ಕೆ ಎಳೆದುಕೊಂಡು ಹಾವಾಗುತ್ತದೆ. ಮೊದಲು ಕತ್ತರಿಸಬಾರದು. ಎರಡು ಪದರ ಬಟ್ಟೆಯ ಮೇಲೆ ಆಕಾರ ಬರೆದು, ಒಂದೂವರೆ ಮಿಲಿಮೀಟರಿನ ಸಣ್ಣ ಹೊಲಿಗೆ ಹಾಕಿ, ಆಮೇಲೆ ಕಾಲಿಂಚು ಬಿಟ್ಟು ಕತ್ತರಿಸಬೇಕು. ಹೆಬ್ಬೆರಳಿನ ಸಂದು, ಕತ್ತಿನ ಬಾಗು ಇಂಥ ಕಡೆ ಹೊಲಿಗೆಯ ಹತ್ತಿರದವರೆಗೆ ಕಚ್ಚು ಕೊಡದಿದ್ದರೆ ಮಗುಚಿದಾಗ ಬಟ್ಟೆ ಗಂಟಿಕ್ಕುತ್ತದೆ. ಹತ್ತಿಯನ್ನು ಚೂರು ಚೂರಾಗಿ ತುರುಕಿದರೆ ಉಂಡೆ ಉಂಡೆಯಾಗಿ ಹೊರಗೆ ಕಾಣುತ್ತದೆ. ಮುಷ್ಟಿಯಷ್ಟನ್ನು ಒಮ್ಮೆಗೇ ಹಾಕಿ, ಸಂದುಗಳಿಗೆ ಮಾತ್ರ ಚೂರು ಸೇರಿಸಬೇಕು.

ಕೇದಗೆ ಮುಂದಲೆಗೆ ಫೋಟೋದ ಗೊಂಬೆಯಲ್ಲಿ ಫೋಮ್ ಹಾಳೆ ಕತ್ತರಿಸಿದ್ದರು. ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ವೇಷಧಾರಿ ಅದನ್ನು ಕಟ್ಟುತ್ತಾನೆ, ಕತ್ತರಿಸುವುದಿಲ್ಲ. ಅದೇ ದಾರಿ ಹಿಡಿದು, ವೃತ್ತಪತ್ರಿಕೆಯ ಬೆರಳು ದಪ್ಪದ ಸುರುಳಿಯನ್ನು ಒಂಬತ್ತು ಇಂಚಿಗೆ ಕತ್ತರಿಸಿ ಲಾಳದಂತೆ ಬಾಗಿಸಿ, ಒಂದೂವರೆ ಇಂಚು ಅಗಲದ ಕಪ್ಪು ಬಟ್ಟೆಯ ಪಟ್ಟಿಯನ್ನು ಅಡ್ಡಡ್ಡ ಸುತ್ತುತ್ತ ಹೋದರೆ ತುದಿ ತಾನಾಗಿ ಕೇದಗೆಯ ಎಸಳಿನ ಹಾಗೆ ಚೂಪಾಗುತ್ತದೆ. ಮೇಲೆ ಜರಿ ಪಟ್ಟಿ ಓರೆಯಾಗಿ. ಎರಡು ಸಲ ಜಾರಿತು, ಮೂರನೆಯ ಸಲ ಪ್ರತಿ ಮೂರು ಸುತ್ತಿಗೊಂದು ಟಾಕು ಹಾಕಿದ ಮೇಲೆ ನಿಂತಿತು. ಇದರ ಭಾರಕ್ಕೆ ಕತ್ತು ಸೋಲುತ್ತದೆ. ಐದು ಇಂಚಿನ ಬಿದಿರು ಕಡ್ಡಿಯ ತುದಿಗಳನ್ನು ಉಜ್ಜಿ ಮೊಂಡು ಮಾಡಿ ಹತ್ತಿ ಸುತ್ತಿ, ಎರಡು ಇಂಚು ತಲೆಯೊಳಗೆ, ಮೂರು ಇಂಚು ಮೈಯೊಳಗೆ ಇಳಿಸಿದರೆ ಮಾತ್ರ ತಲೆ ನೆಟ್ಟಗೆ ನಿಲ್ಲುತ್ತದೆ.

ಮುಖ ಬರೆಯುವ ಮೊದಲು ಒಂದು ಭಾಗ ಫೆವಿಕಾಲಿಗೆ ಮೂರು ಭಾಗ ನೀರು ಬೆರೆಸಿ ತೆಳ್ಳಗೆ ಬಳಿದು ಒಣಗಿಸಬೇಕು, ಇಲ್ಲವಾದರೆ ಕಾಡಿಗೆಯ ಗೆರೆ ಎಳೆಗುಂಟ ಹರಡಿ ಅಭಿಮನ್ಯು ಅತ್ತು ಬಂದವನಂತಾಗುತ್ತಾನೆ. ಫೋಟೋ ಮುಚ್ಚಿಟ್ಟು, ಅರ್ಧ ಗಂಟೆ ಬಿಟ್ಟು, ಕಾಗದದ ಮೇಲೆ ನೆನಪಿನಿಂದ ಆರು ಮುಖ ಬರೆದು ನೋಡಿದಾಗ ಒಂದು ಸಣ್ಣ ಸೋಜಿಗ: ಆರರಲ್ಲಿ ನಾಲ್ಕರ ತಲೆ ಎಡಕ್ಕೇ ವಾಲಿತ್ತು! ಕಣ್ಣು ಕದ್ದದ್ದನ್ನು ಕೈ ಗಮನಿಸುವುದಿಲ್ಲ. ಆಮೇಲೆ ಯಕ್ಷಗಾನದ ಆರೇಳು ಬೇರೆ ಬೇರೆ ವೇಷಧಾರಿಗಳ ಚಿತ್ರ ನೋಡಿ, ತಲೆಯನ್ನು ವಾಲಿಸದೆ ಬಲಕ್ಕೆ ತಿರುಗಿಸಿ ಹೊಲಿದದ್ದು. ತಿರುವು ಎಷ್ಟೆಂದು ಕತ್ತಿನ ಸುತ್ತ ಪೆನ್ಸಿಲಿನಿಂದ ನಾಲ್ಕು ಗುರುತು ಹಾಕಿಕೊಂಡು, ಬಿಗಿಯಾಗಿ ಎರಡು ಸುತ್ತು ಕೈಹೊಲಿಗೆ. ಕಣ್ಣಿನ ಗೆರೆ ತಲೆಯ ಅರ್ಧಕ್ಕಿಂತ ಒಂದು ನೂಲು ಕೆಳಗೆ, ಕಾಡಿಗೆ ಕಿವಿಯ ಕಡೆಗೆ ಎಳೆದು. ಹುಬ್ಬುಗಳು ಸಮ.

ಇನ್ನು ಪಿಸ್ತಾ. ಸಿಪ್ಪೆಯನ್ನು ಆಭರಣ ಮಾಡುವುದು ಒಂದು ಉಪಾಯ, ಕಾನೂನು ಉಪಾಯಕ್ಕೆ ಬೇಲಿ ಹಾಕುವುದಿಲ್ಲ. ಮಾಡುವ ಬಗೆಯನ್ನು ಹೇಳಿಬಿಡುವುದೇ ಮೇಲು: ಉಪ್ಪು ಹಚ್ಚಿದ ಸಿಪ್ಪೆಯನ್ನು ಕುದಿಸಿ ಒಣಗಿಸದಿದ್ದರೆ ಉಪ್ಪು ತೇವ ಹೀರಿ ಚಿನ್ನದ ಬಣ್ಣ ಪದರಾಗಿ ಏಳುತ್ತದೆ. ಒಂದು ಭುಜಕ್ಕೆ ಏಳು ಸಿಪ್ಪೆ, ಕೆಳಗಿನಿಂದ ಮೇಲಕ್ಕೆ. ಹೀಗೆ ಹದಿನಾಲ್ಕು ಸಿಪ್ಪೆ ಕುದಿದು ಒಣಗಿ ತಯಾರಾಗಿಯೂ ಇದ್ದವು. ಆದರೆ ಅಭಿಮನ್ಯುವಿನ ಭುಜದ ಮೇಲೆ ಪಿಸ್ತಾ ಹುರುಪೆ ಕಂಡ ಕೂಡಲೆ ನೋಡಿದವರಿಗೆ ನೆನಪಾಗುವುದು ಆ ಮೊದಲ ಗೊಂಬೆಯೇ. ಉಪಾಯವನ್ನು ಬೇರೆ ಪಾತ್ರಕ್ಕೆ, ಬೇರೆ ಕಡೆ ಬಳಸಬಹುದು. ಅದೇ ವೇಷದ ಅದೇ ಜಾಗದಲ್ಲಿ ಇಟ್ಟರೆ ಗುರುತನ್ನೇ ಎತ್ತಿಕೊಂಡಂತೆ.

ಬಡಗುತಿಟ್ಟಿನ ಆಭರಣ ಹಗುರ ಮರದ್ದು, ಮೇಲೆ ಹೊಳೆಯುವ ಬೇಗಡೆ, ನಡುವೆ ಕನ್ನಡಿ ಚೂರು. ಹಗುರವಾದದ್ದು ಮನೆಯಲ್ಲಿ ಏನಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಅಡಿಕೆ ಹಾಳೆ. ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ. ಒಣಗುವಾಗ ಮುರುಟುತ್ತದೆ, ಆದ್ದರಿಂದ ಎರಡು ದಪ್ಪ ಪುಸ್ತಕಗಳ ನಡುವೆ ಒತ್ತಿಡಬೇಕು. ಹಾಳೆ ಸೀಳುವುದು ನಾರಿನ ಗುಂಟ. ಮೊದಲ ಜೊತೆ ಸೂಜಿ ಚುಚ್ಚಿದ ಕೂಡಲೆ ಚರ್ರೆಂದು ಎರಡಾಯಿತು. ಎರಡನೆಯ ಜೊತೆಗೆ ಹಿಂಬದಿಯಲ್ಲಿ ತೆಳು ಬಟ್ಟೆ ಅಂಟಿಸಿ, ತೂತುಗಳನ್ನು ನಾರಿನ ಒಂದೇ ಸಾಲಿನಲ್ಲಿ ಬರದಂತೆ ಹೆಚ್ಚುಕಡಿಮೆ ಮಾಡಿ ಕೊರೆದು, ಮೇಲೆ ಬೇಗಡೆ ಕಾಗದ, ನಡುವೆ ಬಟ್ಟೆಗೆ ಹೊಲಿಯುವ ಸಣ್ಣ ಕನ್ನಡಿ. ಎರಡೂ ಸೇರಿ ಪಿಸ್ತಾದ ಅರ್ಧ ಭಾರವೂ ಇಲ್ಲ, ಭುಜ ಜಗ್ಗಲಿಲ್ಲ.

ಕತ್ತಲಾಗುವ ಹೊತ್ತಿಗೆ ದಗಲೆ, ಕಸೆ ಮುಗಿದವು, ಡಾಬು ಉಳಿಯಿತು. ಗೊಂಬೆಯ ಬೆನ್ನಿಗೆ ಕಟ್ಟಿದ ಚೀಟಿಯಲ್ಲಿ ಮೂರು ಸಾಲು: ಹೊಲಿದ ತಿಂಗಳು ಮತ್ತು ವರ್ಷ; ‘ವೇಷ ಬಡಗುತಿಟ್ಟು’; ಬಟ್ಟೆಯಲ್ಲಿ ಅಭಿಮನ್ಯು ಮಾಡುವ ಹುರುಪು ಹುಟ್ಟಿಸಿದ ಗೊಂಬೆಯನ್ನು ಮಾಡಿದವರ ಹೆಸರು. ಒಣಗಿದ ಹದಿನಾಲ್ಕು ಸಿಪ್ಪೆ ಡಬ್ಬಿಯಲ್ಲಿವೆ, ಮುಂದಿನ ವರ್ಷದ ನವಿಲಿಗೆ.