ಗಾಂಜಾ ತಲಿ ಫೋಟೊದಾಗ ಬರತದೇನ್ರಿ?

ರಾಯಚೂರು
2025 ಜೂನ್ 27, ಶುಕ್ರವಾರ

ನಮ್ಮ ಸ್ಕ್ಯಾನಿಂಗ್ ರೂಮಿಗೆ ಬೆಳಗಿನ ಮೊದಲ ಪೇಶಂಟ್ ನಾಲ್ಕು ವರ್ಷದ ಹುಡುಗ. ಫಿಟ್ಸ್ ಬರುತ್ತದೆ ಅಂತ ಬ್ರೇನ್ ಎಂಆರ್‌ಐ ಬರೆದಿದ್ದರು. ಮೊನ್ನೆ ಅಮವಾಸ್ಯೆಗೆ ಮಾಡಿದ ಮಣ್ಣೆತ್ತನ್ನು ಕೈಯಲ್ಲಿ ಹಿಡಿದೇ ಬಂದಿದ್ದ. ಒಂದು ಕೊಂಬು ಮುರಿದಿತ್ತು, ಕಣ್ಣಿಗೆ ಒತ್ತಿದ್ದ ಗುಲಗಂಜಿ ಮಾತ್ರ ಹಾಗೇ ಇತ್ತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅವನಮ್ಮ ಆ ಏಸಿಯಲ್ಲೂ ಬೆವರಿದಳು.

ಇಷ್ಟು ಚಿಕ್ಕವರು ಅಲುಗಾಡದೆ ಮಲಗುವುದಿಲ್ಲವಲ್ಲ, ನಿದ್ದೆಗೆ ಸಿರಪ್ ಕೊಡುತ್ತಾರೆ: ಟ್ರೈಕ್ಲೋಫಾಸ್. ತೂಕ ನೋಡಿ ಡಾಕ್ಟರು ಬರೆದಷ್ಟೇ ಕುಡಿಸಬೇಕು. ಆಮೇಲೆ ಬೆರಳಿಗೆ ಆಕ್ಸಿಜನ್ ಕ್ಲಿಪ್ ಸಿಕ್ಕಿಸಿ ಉಸಿರಾಟದ ಮೇಲೆ ಕಣ್ಣಿಟ್ಟು ಕೂರಬೇಕು. ಈ ಔಷಧಿ ಹೊಟ್ಟೆಗೆ ಹೋಗಿ ಟ್ರೈಕ್ಲೋರೋಎಥನಾಲ್ ಆಗುತ್ತದೆ, ನಿದ್ದೆ ತರುವುದು ಅದು. ಕ್ಲೋರಲ್ ಹೈಡ್ರೇಟ್ ಕುಡಿದರೂ ಮೈಯೊಳಗೆ ಆಗುವುದು ಅದೇ. ಕ್ಲೋರಲ್ ಹೈಡ್ರೇಟ್ ಯಾವುದು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್!

1832ರಲ್ಲಿ ಜರ್ಮನಿಯ ಲೀಬಿಗ್ ಇದನ್ನು ತಯಾರಿಸಿದ. 1869ರಲ್ಲಿ ಲೀಬ್ರೈಖ್ ಎಂಬ ವೈದ್ಯ ನಿದ್ದೆಗೆ ಬರುತ್ತದೆ ಅಂತ ತೋರಿಸಿಕೊಟ್ಟ. ಆಸ್ಪತ್ರೆಯಲ್ಲಿ ಹನಿ ಲೆಕ್ಕದಲ್ಲಿ ಕೊಡುವ ವಸ್ತುವಿನ ತಮ್ಮನನ್ನೇ ಇಲ್ಲಿ ನೀರಿಗೆ ಕಲಸಿ ಮಾರುತ್ತಾರೆ, ಎಷ್ಟೋ ಸಲ ಅದರಲ್ಲಿ ಮರದ ಸೇಂದಿ ಹೆಸರಿಗೂ ಇರುವುದಿಲ್ಲ. ವರ್ಷಗಟ್ಟಲೆ ಕುಡಿದವರು ಒಮ್ಮೆಗೇ ಬಿಟ್ಟರೆ ಕೈ ನಡುಗುತ್ತದೆ, ಏನೇನೋ ಬಡಬಡಿಸುತ್ತಾರೆ, ಕೆಲವರಿಗೆ ಫಿಟ್ಸೂ ಬರುತ್ತದೆ. ಅಂಥವರು ನಮ್ಮಲ್ಲಿಗೂ ಬರುತ್ತಾರೆ. ಸ್ಕ್ಯಾನ್ ರಿಪೋರ್ಟ್ ಬಹಳ ಸಲ ನಾರ್ಮಲ್. 'ತಲ್ಯಾಗ ಏನೂ ಇಲ್ಲಂತ' ಎಂದು ಮನೆಯವರು ಖುಷಿಯಿಂದ ಕವರ್ ತೆಗೆದುಕೊಂಡು ಹೋಗುತ್ತಾರೆ. ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಅನ್ನುವುದಷ್ಟೇ ಆ ನಾರ್ಮಲ್‌ನ ಅರ್ಥ. ನರಕೋಶಗಳ ನಡುವಿನ ರಾಸಾಯನಿಕ ವ್ಯವಹಾರ ಹದಗೆಟ್ಟಿದ್ದರೆ ಅದು ನಮ್ಮ ಫಿಲ್ಮಿಗೆ ಬರುವ ಸಂಗತಿಯೇ ಅಲ್ಲ.

ಇದನ್ನೆಲ್ಲ ಬರೆಯೋಣ ಅನ್ನಿಸಿದ್ದು ಮಧ್ಯಾಹ್ನ ಬಂದ ಒಬ್ಬ ಯಜಮಾನರಿಂದ. (ಗುರುತು ಸಿಗದ ಹಾಗೆ ಊರು, ಓದು ಎಲ್ಲ ಬಿಟ್ಟಿದ್ದೇನೆ.) ಜೊತೆಗೆ ಕಾಲೇಜು ಓದುವ ಮಗ. ಡಾಕ್ಟರ ಚೀಟಿ ಇಲ್ಲ.

"ಸರ್, ಇವ ಗಾಂಜಾ ಸೇದ್ತಾನಂತ ನಮಗ ಡೌಟ್ ಅದ. ಕೇಳಿದ್ರ ಇಲ್ಲ ಅಂತಾನ. ತಲಿ ಫೋಟೊ ತೆಗದ್ರ ಗೊತ್ತಾಗತದಲ್ರಿ?"

ಮೊಬೈಲ್ ತೆಗೆದು ತೋರಿಸಿದರು. ನಿನ್ನೆ ಜೂನ್ 26, ಮಾದಕ ವಸ್ತು ವಿರೋಧಿ ದಿನ. ವಾಟ್ಸಾಪ್ ಗ್ರೂಪುಗಳಿಗೆಲ್ಲ ಹಬ್ಬ. ಎಡಗಡೆ ದುಂಡನೆಯ ಮಿದುಳು, ಬಲಗಡೆ ಇಲಿ ತಿಂದಂತೆ ತೂತು ಬಿದ್ದ ಮಿದುಳು, ಕೆಳಗೆ 'ಗಾಂಜಾ ಸೇದುವವನ ತಲೆ' ಅಂತ ಕೆಂಪಕ್ಷರ.

ಇಂಥ ಚಿತ್ರ ಬರುವುದು ಸ್ಪೆಕ್ಟ್ ಸ್ಕ್ಯಾನಿನಿಂದ. ರಕ್ತದ ಹರಿವನ್ನು ಅಳೆದು, ಇಂತಿಷ್ಟಕ್ಕಿಂತ ಕಡಿಮೆ ಇರುವ ಜಾಗ ತೋರಿಸಬೇಡ ಅಂತ ಕಂಪ್ಯೂಟರಿಗೆ ಹೇಳಿದರೆ ಅಲ್ಲಿ ತೂತು ಕಾಣುತ್ತದೆ. ಮಿದುಳು ಅಲ್ಲೇ ಇರುತ್ತದೆ. ಆ ಗೆರೆಯನ್ನು ಇನ್ನಷ್ಟು ಮೇಲಕ್ಕೆ ಎಳೆದರೆ ನನ್ನ ತಲೆಯಲ್ಲೂ ತೂತು, ಯಜಮಾನರ ತಲೆಯಲ್ಲೂ ತೂತು. ಹಾಗೆಂದಾಗ ಅವರು ನಕ್ಕರು, ನಂಬಲಿಲ್ಲ. "ಮತ್ತ ಟೀವ್ಯಾಗ ಬಣ್ಣಬಣ್ಣದ್ದು ತೋರಸ್ತಾರಲ್ರಿ?"

ಬಣ್ಣದ್ದು ಬಹುಮಟ್ಟಿಗೆ, ಮಿದುಳು ಕೆಲಸ ಮಾಡುತ್ತಿರುವಾಗಲೇ ತೆಗೆಯುವ ಎಫ್‌ಎಂಆರ್‌ಐ. ಆಕ್ಸಿಜನ್ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಮುಂದೆ ನಡವಳಿಕೆ ಬೇರೆ ಅಂತ 1990ರಲ್ಲಿ ಸೇಜಿ ಒಗಾವಾ ತೋರಿಸಿದ ಮೇಲೆ ಬಂದ ವಿದ್ಯೆ. ಅಳೆಯುವುದು ರಕ್ತವನ್ನು, ಮಾತಾಡುವುದು ಮಿದುಳಿನ ಬಗ್ಗೆ. ಸಿಗ್ನಲ್ ವ್ಯತ್ಯಾಸವೂ ಅತಿ ಸಣ್ಣದು, ನೂರಕ್ಕೆ ಒಂದೆರಡು ಪಾಲು. ಕೊಕೇನ್ ರಕ್ತನಾಳವನ್ನೇ ಬಿಗಿಯುತ್ತದೆ. ನಮ್ಮ ಚಹಾದಲ್ಲಿರುವ ಕೆಫೀನ್ ಕೂಡ ಮಿದುಳಿನ ರಕ್ತದ ಹರಿವು ತಗ್ಗಿಸುತ್ತದೆ. ಚಿತ್ರ ಬದಲಾದದ್ದು ಯೋಚನೆಯಿಂದಲೋ ನಾಳದಿಂದಲೋ ಅಂತ ಬೇರ್ಪಡಿಸುವುದೇ ಅರ್ಧ ಕೆಲಸ. ಲೆಕ್ಕದಲ್ಲಿ ಹುಷಾರು ತಪ್ಪಿದರಂತೂ ಮುಗಿಯಿತು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಯವರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಫೋಟೊ ತೋರಿಸಿದರು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ, ಅಕಸ್ಮಾತ್ತಾಗಿ ಹೊತ್ತುವವನ್ನು ಕಳೆಯಲು ಮಾಡಬೇಕಾದ ತಿದ್ದುಪಡಿ ಬಿಟ್ಟಿದ್ದಕ್ಕೆ ಸತ್ತ ಮೀನಿನ ಮಿದುಳಲ್ಲೂ ಬಣ್ಣ ಹೊತ್ತಿತು. ಸುಮ್ಮನೆ ತಮಾಷೆಗಲ್ಲ, ಈ ಅಪಾಯ ತೋರಿಸಲೆಂದೇ ಮಾಡಿದ್ದು. 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಕೂಡ ಬಂತು.

ಗಾಂಜಾ ವಿಷಯಕ್ಕೇ ಬಂದರೆ, 2014ರಲ್ಲಿ ಅಮೆರಿಕದ ಒಂದು ಅಧ್ಯಯನ ಚಟ ಅಂಟದೆ ಮೋಜಿಗೆ ಸೇದುವ 20 ಜನರನ್ನೂ ಸೇದದ 20 ಜನರನ್ನೂ ಹೋಲಿಸಿ, ಖುಷಿಗೆ ಸ್ಪಂದಿಸುವ ಮಿದುಳಿನ ಭಾಗವಾದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಆಕಾರದಲ್ಲೇ ವ್ಯತ್ಯಾಸ ಇದೆ ಎಂದಿತು. ಪೇಪರಿನವರು ಕುಣಿದಾಡಿದರು. ಮರುವರ್ಷ ಅದೇ ಜರ್ನಲ್ಲಿನಲ್ಲಿ ಇನ್ನೊಂದು ತಂಡ ದಿನಾ ಸೇದುವವರನ್ನೇ, ಎರಡೂ ಗುಂಪಿನ ಕುಡಿತ ಸರಿಸಮ ಇರುವಂತೆ ಆರಿಸಿ ನೋಡಿತು. ಆ ವ್ಯತ್ಯಾಸ ಸಿಗಲೇ ಇಲ್ಲ. ಮೊದಲಿನಿಂದಲೇ ಇದ್ದದ್ದೋ, ನಶೆಯಿಂದ ಆದದ್ದೋ ಅನ್ನುವುದು ಅದಕ್ಕಿಂತ ದೊಡ್ಡ ತಲೆನೋವು. 2012ರಲ್ಲಿ ಕೇಂಬ್ರಿಜ್‌ನ ಕರೆನ್ ಎರ್ಶೆ ಅವರ ತಂಡ ಕೊಕೇನ್‌ನಂಥ ಉತ್ತೇಜಕಗಳ ಚಟದವರ ಜೊತೆಗೆ ಯಾವ ಚಟವೂ ಇಲ್ಲದ ಅವರ ಒಡಹುಟ್ಟಿದವರನ್ನೂ ಸ್ಕ್ಯಾನ್ ಮಾಡಿತು. ಇಬ್ಬರಲ್ಲೂ ಒಂದೇ ಥರದ ವ್ಯತ್ಯಾಸ! ಅದಕ್ಕೇ ಈಗ ಅಮೆರಿಕದಲ್ಲಿ ಎಬಿಸಿಡಿ ಅಧ್ಯಯನದವರು 9–10 ವರ್ಷದ 11,000ಕ್ಕೂ ಹೆಚ್ಚು ಮಕ್ಕಳನ್ನು, ಏನೂ ಮುಟ್ಟುವ ಮೊದಲೇ ಸ್ಕ್ಯಾನ್ ಮಾಡಿಟ್ಟು, ಬೆಳೆಯುವಾಗ ಮತ್ತೆ ಮತ್ತೆ ನೋಡುತ್ತಿದ್ದಾರೆ. ಇಂಥದ್ದೇ ನಮ್ಮ ದೇಶದ ಸಿ-ವೇದ ಅಧ್ಯಯನದಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿದೆ. ಕಲ್ಯಾಣ ಕರ್ನಾಟಕದ ಒಂದು ಊರೂ ಇಲ್ಲ. ಸೇಂದಿ ನಮ್ಮದು, ಸ್ಕ್ಯಾನರ್ ಅವರದು.

ಹಾಗಂತ ನಮ್ಮ ಮಷೀನಿಗೆ ಏನೂ ಕಾಣುವುದಿಲ್ಲ ಅಂತಲ್ಲ. ಪಂಕ್ಚರ್ ಸೊಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಗಿಗೆ ಹಿಡಿಯುವ ಹುಡುಗರನ್ನು ನೋಡಿದ್ದೀರಲ್ಲ? ಅಂಥ ಅಂಟುಗಳಲ್ಲಿರುವ ದ್ರಾವಕ ಟಾಲುಯೀನ್‌ಗೆ ಕೊಬ್ಬು ಅಂದರೆ ಪ್ರೀತಿ, ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಬಹುಪಾಲು ಕೊಬ್ಬೇ. ವರ್ಷಗಟ್ಟಲೆ ಎಳೆದವರ ಟಿ2 ಮತ್ತು ಫ್ಲೇರ್ ಎಂಬ ಎಂಆರ್‌ಐ ಚಿತ್ರಗಳಲ್ಲಿ, ಈ ನರತಂತುಗಳಿರುವ ಬಿಳಿ ದ್ರವ್ಯ ಮೋಡ ಕವಿದ ಹಾಗೆ ಬೆಳ್ಳಗಾಗಿರುತ್ತದೆ. ಅದಕ್ಕೆ ಬಣ್ಣವೂ ಬೇಡ, ಲೆಕ್ಕಶಾಸ್ತ್ರವೂ ಬೇಡ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹೀಗೆ ಮೂಗಿಗೆ ಎಳೆಯುವವರು ದೊಡ್ಡವರಲ್ಲಿ ಶೇ 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ ಶೇ 1.17. ಈ ಮಕ್ಕಳ ಅಪ್ಪಂದಿರು ಮಾತ್ರ ಸ್ಕ್ಯಾನ್ ಮಾಡಿ ಅಂತ ಬರುವುದಿಲ್ಲ. ಎಷ್ಟೋ ಮಕ್ಕಳಿಗೆ ಜೊತೆಗೆ ಬರಲು ಅಪ್ಪನೇ ಇರುವುದಿಲ್ಲ.

ಯಜಮಾನರಿಗೆ ಇಷ್ಟೆಲ್ಲ ಹೇಳಲಿಲ್ಲ. ಗಾಂಜಾ ಸೇದಿದ್ದಾನೋ ಇಲ್ಲವೋ ಅನ್ನುವುದು ಎಂಆರ್‌ಐನಲ್ಲಿ ತಿಳಿಯುವುದಿಲ್ಲ, ಅದಕ್ಕೆ ಮೂತ್ರ ಪರೀಕ್ಷೆ ಇದೆ, ಅದೂ ಡಾಕ್ಟರು ಬೇಕೆಂದರೆ ಮಾತ್ರ; ಮೊದಲು ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮನೋರೋಗ ವಿಭಾಗಕ್ಕೆ ಹೋಗಿ ಬನ್ನಿ ಎಂದೆ. ಅವರು ಯಾರಿಗೋ ಫೋನ್ ಮಾಡಲು ಹೊರಗೆ ಹೋದರು.

ಹುಡುಗ ಬೆಂಚಿನ ಮೇಲೆ ಹೆಲ್ಮೆಟ್ ತೊಡೆಗಿಟ್ಟುಕೊಂಡು ಅದರ ಪಟ್ಟಿಯ ಲಾಕ್ ಹಾಕುತ್ತ ತೆಗೆಯುತ್ತ ಕೂತಿದ್ದ. ಅಪ್ಪ ಮರೆಯಾಗಿದ್ದೇ ತಡ, "ಅಣ್ಣಾ, ಬಿಟ್ರ ಮೊದಲಿನಂಗ ಆಗತದೇನು?" ಎಂದ.

ನೋಡಿ, ಇದು ಕೇಳಬೇಕಾದ ಪ್ರಶ್ನೆ. ಇದಕ್ಕೆ ಸ್ಕ್ಯಾನಿಂಗಿನಿಂದಲೇ ಬಂದ ಉತ್ತರವೂ ಇದೆ. 2012ರಲ್ಲಿ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ದಿನಾ ಸೇದುವವರ ಮಿದುಳಿನ ಹೊರಪದರದಲ್ಲಿ ಗಾಂಜಾ ಹೋಗಿ ಕೂರುವ ಸಿಬಿ1 ಗ್ರಾಹಕಗಳು ಸುಮಾರು ಶೇ 20ರಷ್ಟು ಕಡಿಮೆ ಇದ್ದವು. ಸೇದದೆ ಸುಮಾರು ನಾಲ್ಕು ವಾರ ಕಳೆದ ಮೇಲೆ ನೋಡಿದರೆ ಬಹುತೇಕ ಕಡೆ ಮೊದಲಿನ ಮಟ್ಟಕ್ಕೆ ಬಂದಿದ್ದವು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ಮಾತ್ರ ಅಷ್ಟರಲ್ಲಿ ಬಂದಿರಲಿಲ್ಲ. ಅವರೆಲ್ಲ ಕಣ್ಗಾವಲಿನ ವಾರ್ಡಿನಲ್ಲಿದ್ದವರು, ಸಂಜೆ ಕರೆಯಲು ಬರುವ ದೋಸ್ತರು ಅಲ್ಲಿರಲಿಲ್ಲ ಅಂತಲೂ ಸೇರಿಸಿದೆ.

ಸ್ವಲ್ಪ ಲೆಕ್ಕ ಹಾಕಿ, "ಅಂದ್ರ ಪಂಚಮಿ ಹೊತ್ತಿಗೆ" ಎಂದ. ಸೇದುತ್ತೇನೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವ್ಯಸನಮುಕ್ತಿ ಸಹಾಯವಾಣಿ 14446 ಬರೆದುಕೊಟ್ಟೆ, ಚೀಟಿ ಮೊಬೈಲ್ ಕವರಿನೊಳಗೆ ಹೋಯಿತು. ಸೋಮವಾರ ರಿಮ್ಸ್‌ಗೆ ಹೋಗುತ್ತಾರಂತೆ.

ಹಿಪ್ಪೊಕ್ಯಾಂಪಸ್ ವಿಷಯ ಯಾಕೆ ಎತ್ತಿದಿರಿ, ಪೂರ್ತಿ ಸರಿಹೋಗುತ್ತದೆ ಅಂದಿದ್ದರೆ ಧೈರ್ಯ ಬರುತ್ತಿತ್ತಲ್ಲ ಅಂತ ನಮ್ಮ ರಿಸೆಪ್ಷನ್ ಮೇಡಂ ತಕರಾರು. ಕೈಯಲ್ಲಿ ಇಂಟರ್‌ನೆಟ್ ಇರುವ ಹುಡುಗ ಮೇಡಂ. ನಾಳೆ ತಾನೇ ಓದಿಕೊಂಡರೆ ನಾನು ಹೇಳಿದ ಉಳಿದದ್ದನ್ನೂ ಸುಳ್ಳು ಅಂದುಕೊಳ್ಳುತ್ತಾನೆ.